ನಾನು ಹಾಕಿದ ರೈಟ್ ಮಾರ್ಕು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮೂರು ಕೆಂಡಲ್ ಪಾರ್ಕಿನ ದೊಡ್ಡ ಸಿಗ್ನಲ್ ಹತ್ತಿರ ಪ್ರತಿಭಟನೆಯ ಬೋರ್ಡು ಹಿಡಿದುಕೊಂಡು ನಿಲ್ಲುವ ಇಪ್ಪತ್ತು ಮೂವತ್ತು ಜನರಲ್ಲಿ ಹಣೆಗೆ ಬೊಟ್ಟಿಟ್ಟುಕೊಂಡವಳು ನಾನೊಬ್ಬಳೇ. ಮಿಕ್ಕವರು ಹೆಚ್ಚಾಗಿ ರಿಟೈರ್ ಆದ ಬಿಳಿಯ ಟೀಚರುಗಳು, ನರ್ಸುಗಳು, ಮಂಡಿನೋವಿನವರು. ಮಡಿಚುವ ಕುರ್ಚಿ ತಂದಿರುತ್ತಾರೆ, ಫ್ಲಾಸ್ಕಿನಲ್ಲಿ ಕಾಫಿ ತಂದಿರುತ್ತಾರೆ. ಹೋಗುವ ಕಾರಿನವರಲ್ಲಿ ಕೆಲವರು ಹಾರ್ನ್ ಹೊಡೆದು ಕೈ ಬೀಸುತ್ತಾರೆ, ಕೆಲವರು ಕಿಟಕಿ ಇಳಿಸಿ ಬೈಯುತ್ತಾರೆ. ಬೈದವರಿಗೆ ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತೇನೆ. ಅದಕ್ಕೆ ಅವರಿಗೆ ಇನ್ನೂ ಉರಿಯುತ್ತದೆ.

ನನಗೆ ಬಾಯಿ ಜೋರು. ಮುಖ ಮುಚ್ಚಿಕೊಂಡ ಇಮಿಗ್ರೇಷನ್ ಏಜೆಂಟರು ಕೆಲಸಕ್ಕೆ ಹೊರಟವರನ್ನು ಪಾರ್ಕಿಂಗ್ ಲಾಟಿನಿಂದ ಎತ್ತಿಕೊಂಡು ಹೋಗುವ ವಿಡಿಯೋ ಬಂದಾಗಲೆಲ್ಲ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು "ಲೀಗಲ್ ಆಗಿ ಬಂದೋರಿಗೆ ಏನ್ರೀ ಭಯ?" ಅಂತ ಬರೆಯುತ್ತಾರೆ. ನಾನು ಸುಮ್ಮನಿರುವವಳಲ್ಲ. "ಗ್ರೀನ್ ಕಾರ್ಡ್ ಬರೋವರೆಗೂ ಹನ್ನೆರಡು ವರ್ಷ ನೀವು ನಡುಗಿದ್ದು ಮರೆತೋಯ್ತಾ?" ಅಂತ ಕೇಳುತ್ತೇನೆ. ಎರಡು ಸಲ ಗುಂಪಿನಿಂದ ತೆಗೆದುಹಾಕಿದರು. ಎರಡು ಸಲವೂ ಅವರೇ ವಾಪಸು ಸೇರಿಸಿಕೊಂಡರು. ರಾಜ್ಯೋತ್ಸವಕ್ಕೆ ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡುವವಳು ಬೇರೆ ಯಾರೂ ಸಿಗಲಿಲ್ಲ.

ಇಷ್ಟು ಬಾಯಿ ಇರುವವಳು ಆ ಬಾಯಿಂದ ಒಂದು ದಿನ ಏನು ಹೇಳಿದೆ ಅನ್ನುವುದನ್ನು ಬರೆಯಬೇಕಾಗಿದೆ. ಯಾರಿಗೂ ಹೇಳದೆ ಇಟ್ಟುಕೊಂಡರೆ ಅದು ನನ್ನನ್ನು ಒಳಗಿನಿಂದ ತಿಂದುಹಾಕುತ್ತದೆ.

ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಆಪಾ ಇದ್ದರು. ಅಕ್ಕ ಅನ್ನುವುದಕ್ಕೆ ಅವರ ಮನೆಯಲ್ಲಿ ಆಪಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಮೈಸೂರಿನವರು. ಅಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದರು. ಗಂಡ ಹೋದ ಮೇಲೆ ಇದ್ದ ಮನೆ ಮಾರಿ ಮಗಳ ಹತ್ತಿರ ಬಂದುಬಿಟ್ಟರು. ಒಬ್ಬಳೇ ಮಗಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಎರಡು ಚಿಕ್ಕ ಮಕ್ಕಳು. ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರೆ ಆಪಾ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ನನ್ನ ಕನ್ನಡವನ್ನೂ ತಿದ್ದುತ್ತಿದ್ದರು. "ಹಾಸನದೋರು ಅಂತೀಯ, ಅಲ್ಪಪ್ರಾಣ ಮಹಾಪ್ರಾಣ ಎರಡೂ ಒಂದೇ ಮಾಡ್ಕೊಂಡಿದೀಯಲ್ಲ" ಅಂತ ಛೇಡಿಸುತ್ತಿದ್ದರು. ಸಂಜೆ ಇಬ್ಬರೂ ವಾಕ್ ಹೋಗುತ್ತಿದ್ದೆವು.

ವಾಕಿನಲ್ಲಿ ಅವರು ಹೆಚ್ಚು ಹೇಳುತ್ತಿದ್ದುದು ಎಲೆಕ್ಷನ್ ಡ್ಯೂಟಿಯ ಕತೆ. ಸರ್ಕಾರಿ ಟೀಚರುಗಳಿಗೆ ನಮ್ಮಲ್ಲಿ ಅದು ತಪ್ಪಿದ್ದಲ್ಲ. ಹಿಂದಿನ ದಿನವೇ ಪೆಟ್ಟಿಗೆ ಹೊತ್ತುಕೊಂಡು ಯಾವುದೋ ಹಳ್ಳಿಯ ಶಾಲೆಗೆ ಹೋಗಿ ಬೆಂಚಿನ ಮೇಲೆ ಮಲಗುವುದು, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಜನರ ಬೆರಳಿಗೆ ಶಾಯಿ ಹಚ್ಚುವುದು. ಅದಕ್ಕಿಂತ ಅವರಿಗೆ ಹೆಮ್ಮೆಯಿದ್ದದ್ದು ಮತದಾರರ ಪಟ್ಟಿಯ ಕೆಲಸದಲ್ಲಿ. ರಿಜಿಸ್ಟರು ಹಿಡಿದು ಮನೆಮನೆಗೆ ಹೋಗಿ ಯಾರಿದ್ದಾರೆ, ಯಾರು ಸತ್ತಿದ್ದಾರೆ, ಯಾವ ಸೊಸೆ ಹೊಸದಾಗಿ ಬಂದಿದ್ದಾಳೆ ಅಂತ ಬರೆದುಕೊಂಡು ಬರುವುದು. "ನನ್ನ ಬೀದಿಗಳಲ್ಲಿ ಒಂದು ಹೆಸರು ಬಿಟ್ಟೋಗಿದೆ ಅಂತ ಯಾರೂ ಬೆರಳು ತೋರಿಸೋ ಹಾಗಿರಲಿಲ್ಲ" ಅನ್ನುತ್ತಿದ್ದರು. "ಪಟ್ಟೀಲಿ ಹೆಸರಿಲ್ಲ ಅಂದ್ರೆ ನಮ್ಮಂಥೋರು ಇಲ್ಲ ಅಂತಾನೇ ಲೆಕ್ಕ ಕಣಮ್ಮ." ಅವರ ಪಾಲಿಗೆ ಪಟ್ಟಿಯಲ್ಲಿ ಹೆಸರಿರುವುದು ಅಂದರೆ ಮನೆಗೆ ಬಾಗಿಲಿರುವಷ್ಟು ಸಾಮಾನ್ಯ ವಿಷಯ. ಒಂದು ಮನೆಯಲ್ಲಿ ವಾಸವಾಗಿದ್ದೀರಾ, ಹೆಸರು ಇರಬೇಕು, ಮುಗಿಯಿತು.

ಆರೇಳು ವರ್ಷದ ಹಿಂದೆ ನಾನು ಒಂದು ಸಂಸ್ಥೆಯ ಜೊತೆ ಸೇರಿ ವೋಟರ್ ರಿಜಿಸ್ಟ್ರೇಷನ್ ಕೆಲಸಕ್ಕೆ ಇಳಿದೆ. ನಮ್ಮ ಜನ ಇಲ್ಲಿ ಸಿಟಿಜನ್ ಆಗುತ್ತಾರೆ, ಮನೆ ಕೊಳ್ಳುತ್ತಾರೆ, ಪ್ರಾಪರ್ಟಿ ಟ್ಯಾಕ್ಸಿನ ಬಗ್ಗೆ ಗೊಣಗುತ್ತಾರೆ, ವೋಟು ಮಾತ್ರ ಹಾಕುವುದಿಲ್ಲ. ಅದು ನನಗೆ ಮೈ ಉರಿಯುವ ವಿಷಯ. ತರಬೇತಿಯಲ್ಲಿ ಒಂದು ಮಾತನ್ನು ಮೂರು ಸಲ ಹೇಳಿದ್ದರು: ಅರ್ಜಿಯ ಮೊದಲನೆಯ ಪ್ರಶ್ನೆ, ನೀವು ಈ ದೇಶದ ಸಿಟಿಜನ್ನಾ ಅನ್ನುವುದು, ಅದನ್ನು ಜೋರಾಗಿ ಓದಿ, ಉತ್ತರ ಅವರ ಬಾಯಿಂದಲೇ ಬರಲಿ, ಪೆನ್ನು ಅವರ ಕೈಯಲ್ಲೇ ಇರಲಿ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ಬೇರೆಯವರು ಬಿಟ್ಟ ಹೆಜ್ಜೆ ಕಂಡುಹಿಡಿಯುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಒಂದು ಭಾನುವಾರ ಇಂಡಿಯನ್ ಅಂಗಡಿಯ ಮುಂದೆ ಟೇಬಲ್ ಹಾಕಿ ಕೂತಿದ್ದೆ. ನೀಲಿ ಪ್ಲಾಸ್ಟಿಕ್ ಹಾಸು, ಗಾಳಿಗೆ ಹಾರದಿರಲಿ ಅಂತ ನಾಲ್ಕು ಮೂಲೆಗೂ ಬೇಳೆ ಪೊಟ್ಟಣ ಇಟ್ಟಿದ್ದೆ. ಆಪಾ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದುಕೊಂಡು ಬಂದರು.

"ಇದೇನಮ್ಮ ಅಂಗಡಿ ಇಟ್ಕೊಂಡಿದೀಯ?"

"ವೋಟರ್ ಲಿಸ್ಟಿಗೆ ಹೆಸರು ಸೇರಿಸ್ತಿದೀನಿ ಆಪಾ."

"ಇಲ್ಲಿ ಮನೆಮನೆಗೆ ಬರಲ್ವಾ?"

"ಇಲ್ಲ. ನಾವೇ ಬರೆದುಕೊಡಬೇಕು."

"ಎಂಥ ದೇಶನಪ್ಪ. ಟೀಚರುಗಳಿಗೆ ಕೆಲಸ ಕೊಡಬೇಕು ಇವರು" ಅಂತ ನಕ್ಕು, ಕುರ್ಚಿ ಎಳೆದುಕೊಂಡು ಕೂತರು. "ಸರಿ, ನಂದೂ ಬರ್ಕೋ. ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ, ನೀನೇ ತುಂಬಿಸು" ಅಂದರು.

ನಾನು ತುಂಬಿಸಿದೆ. ಬ್ಯಾಂಕಿನಲ್ಲಿ, ಪೋಸ್ಟ್ ಆಫೀಸಿನಲ್ಲಿ ಯಾರಾದರೂ ಚಲನ್ ಚಾಚಿ "ಸ್ವಲ್ಪ ತುಂಬಿಸಿಕೊಡಮ್ಮ" ಅಂದರೆ ಇಲ್ಲ ಅನ್ನದೆ ಬೆಳೆದವಳು ನಾನು. ಪೆನ್ನು ನನ್ನ ಕೈಯಲ್ಲೇ ಇತ್ತು. ಮೊದಲನೆಯ ಪ್ರಶ್ನೆಯ ಮುಂದೆ ಎರಡು ಚೌಕ, ಹೌದು ಮತ್ತು ಇಲ್ಲ. ಅವರಿಗಿಂತ ಮುಂಚೆ ಬಂದಿದ್ದ ಗುಜರಾತಿ ಅಂಕಲ್‌ಗೆ ಆ ಪ್ರಶ್ನೆ ಜೋರಾಗಿಯೇ ಓದಿದ್ದೆ. ಆಪಾಗೆ ಓದಲಿಲ್ಲ.

ಯಾಕೆ ಓದಲಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಎರಡು ವಾರ ಮುಂಚೆ ಅದೇ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಟ್ರಾಲಿ ಕಾರಿಗೆ ತಾಗಿತು ಅಂತ ಒಬ್ಬ ಗಂಡಸು ಆಪಾರ ತಲೆಯ ಮೇಲಿನ ದುಪಟ್ಟಾ ನೋಡಿ "ನಿನ್ನ ಪೇಪರ್ಸ್ ತೋರಿಸು" ಅಂತ ಕಿರುಚಿದ್ದ. ನಾನು ಅವನ ಜೊತೆ ಜಗಳಕ್ಕೆ ನಿಂತಿದ್ದೆ. ಈಗ ನಾನೇ ಟೇಬಲ್ಲಿನ ಹಿಂದೆ ಕೂತು, ನಾಲ್ಕು ಜನ ನಿಂತಿರುವಾಗ, ಅದೇ ಹೆಂಗಸಿಗೆ "ನೀವು ಸಿಟಿಜನ್ನಾ?" ಅಂತ ಕೇಳುವುದೇ? ಅಸಹ್ಯ ಅನ್ನಿಸಿತು. ಅದೂ ಅಲ್ಲದೆ, ನಮ್ಮ ಜನಕ್ಕೆ ಕೇಳುವುದಕ್ಕೆ ನಾಚಿಕೆಯೇ ಇಲ್ಲ. ಪರಿಚಯವಾದ ಎರಡನೆಯ ನಿಮಿಷಕ್ಕೆ ಗ್ರೀನ್ ಕಾರ್ಡ್ ಬಂತಾ, ಸಿಟಿಜನ್‌ಶಿಪ್ ಆಯ್ತಾ, ಯಾಕಿನ್ನೂ ಆಗಲಿಲ್ಲ ಅಂತ ಶುರು ಮಾಡುತ್ತಾರೆ. ಅದನ್ನು ಕೇಳದಿರುವುದು ನನ್ನ ದೊಡ್ಡಸ್ತಿಕೆ. ಮನೆ ಮಾರಿ ಬಂದು ಇಲ್ಲೇ ನೆಲೆಯೂರಿದ್ದಾರೆ, ಮಗಳು ಸಿಟಿಜನ್, ಇವರೂ ಆಗಿರುತ್ತಾರೆ ಅಂದುಕೊಂಡೆ. ಹೌದು ಅನ್ನುವ ಚೌಕದೊಳಗೆ ರೈಟ್ ಮಾರ್ಕು ಹಾಕಿದೆ. ಆ ಟೇಬಲ್ಲಿನ ಹಿಂದೆ ನನ್ನ ಬದಲು ಕೆದಕಿ ಕೆದಕಿ ಕೇಳುವ ಒಬ್ಬಳು ಆಂಟಿ ಕೂತಿದ್ದರೆ ಆಪಾ ಯಾವ ಕೋರ್ಟಿನ ಮುಖವನ್ನೂ ನೋಡುತ್ತಿರಲಿಲ್ಲ.

"ಸಹಿ ಕನ್ನಡದಲ್ಲಿ ಹಾಕ್ಲಾ, ಇಂಗ್ಲಿಷಲ್ಲಾ?" ಅಂತ ಕೇಳಿದರು. "ನಿಮ್ಮಿಷ್ಟ" ಅಂದೆ. ಕನ್ನಡದಲ್ಲಿ ಹಾಕಿದರು, ಪ್ರೋಗ್ರೆಸ್ ಕಾರ್ಡಿಗೆ ಹಾಕುವ ಹಾಗೆ ದುಂಡಗೆ. ಅರ್ಜಿಯ ಕೆಳಗೆ, ಬೇರೆಯವರು ತುಂಬಿಸಿದ್ದರೆ ಅವರ ಹೆಸರು ಬರೆಯುವ ಜಾಗ ಒಂದಿತ್ತು. ಅದು ಕೈಲಾಗದವರಿಗೆ, ಆಪಾಗೆ ಬರೆಯೋಕೆ ಬರುತ್ತದಲ್ಲ, ಕನ್ನಡಕ ತಂದಿಲ್ಲ ಅಷ್ಟೇ ಅಂದುಕೊಂಡು ಖಾಲಿ ಬಿಟ್ಟೆ.

ನವೆಂಬರಿನಲ್ಲಿ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಶಾಲೆಯ ಜಿಮ್ಮಿನಲ್ಲಿ ಪೋಲಿಂಗು. ಆಪಾ ಒಳ್ಳೆಯ ಸೀರೆ ಉಟ್ಟಿದ್ದರು. ಒಳಗೆ ಕೂತಿದ್ದ ಮುದುಕಿಯರು ಹೆಸರು ಹುಡುಕಿ ಸಹಿ ಮಾಡಿಸಿಕೊಳ್ಳುವುದನ್ನು ಇನ್‌ಸ್ಪೆಕ್ಷನ್ನಿಗೆ ಬಂದವರ ಹಾಗೆ ನಿಂತು ನೋಡಿದರು. "ಶಾಯಿ ಹಚ್ಚಲ್ಲ, ಬರೀ ಸ್ಟಿಕರ್ ಕೊಡ್ತಾರೆ. ಒಬ್ಬನೇ ಎರಡು ಸಲ ಬಂದ್ರೆ ಏನು ಮಾಡ್ತಾರೆ?" ಅಂತ ವಾಪಸು ಬರುವಾಗ ದಾರಿಯುದ್ದಕ್ಕೂ ತಪ್ಪು ತೆಗೆದರು. ಮನೆ ಹತ್ತಿರ ಬಂದಾಗ, "ಬಹಳ ದಿನ ಆಗಿತ್ತು ನೋಡು ವೋಟು ಹಾಕಿ. ಮನಸ್ಸಿಗೆ ಸಮಾಧಾನ ಆಯ್ತು" ಅಂದರು. ಅವತ್ತು ನನಗೆ ಎಷ್ಟು ಖುಷಿಯಾಗಿತ್ತು ಅಂದರೆ ಮನೆಗೆ ಬಂದು ಪಾಯಸ ಮಾಡಿದ್ದೆ.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಆಪಾ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಗಳ ಕೈಯಲ್ಲಿ ಒಂದು ಕಾಗದ. ಆಪಾ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕಿದ್ದರಂತೆ, ಇಂಟರ್‌ವ್ಯೂ ಆಗಿತ್ತಂತೆ. ಯಾವತ್ತಾದರೂ ವೋಟರ್ ಲಿಸ್ಟಿಗೆ ಸೇರಿದ್ದೀರಾ, ವೋಟು ಹಾಕಿದ್ದೀರಾ ಅಂತ ಆಫೀಸರು ಕೇಳಿದಾಗ ಆಪಾ, ಇದು ತಮಗೆ ಒಳ್ಳೆಯ ಮಾರ್ಕು ಕೊಡುವ ಪ್ರಶ್ನೆ ಅಂದುಕೊಂಡು, "ಹಾಕಿದ್ದೀನಿ, ನಾನು ಎಲೆಕ್ಷನ್ ಡ್ಯೂಟಿ ಕೂಡ ಮಾಡಿದವಳು" ಅಂತ ಹೇಳಿ ಬಂದಿದ್ದರು. ಈಗ ಅರ್ಜಿ ತಿರಸ್ಕಾರವಾಗಿತ್ತು. ಸಿಟಿಜನ್ ಅಲ್ಲದೆ ಸಿಟಿಜನ್ ಅಂತ ಹೇಳಿಕೊಂಡಿದ್ದಕ್ಕೆ, ವೋಟು ಹಾಕಿದ್ದಕ್ಕೆ, ಇವರನ್ನು ಈ ದೇಶದಿಂದ ಯಾಕೆ ಕಳಿಸಬಾರದು ಅಂತ ಇಮಿಗ್ರೇಷನ್ ಕೋರ್ಟಿನ ನೋಟಿಸ್ ಬಂದಿತ್ತು.

ಕಾಗದ ಇಸಕೊಂಡು ಓದಿದೆ. "ಆಪಾ, ನೀವು ಸಿಟಿಜನ್ ಆಗಿರಲಿಲ್ವಾ?" ಅಂದೆ. ಆರೇಳು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

"ಇಲ್ಲಮ್ಮ, ಆವಾಗ ಗ್ರೀನ್ ಕಾರ್ಡ್ ಬಂದು ಒಂದು ವರ್ಷ ಆಗಿತ್ತಷ್ಟೆ. ನಿನಗೆ ಗೊತ್ತಿದೆ ಅಂತ ನಾನು ಅಂದ್ಕೊಂಡಿದ್ದೆ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಆಂಟಿ, ಆ ಬಾಕ್ಸ್ ನೀವೇ ಟಿಕ್ ಮಾಡಿದ್ದು ಅಂತ ಅಮ್ಮಿ ಹೇಳ್ತಾರೆ. ಪ್ರಶ್ನೆ ಓದಿ ಹೇಳಲಿಲ್ಲ ಅಂತಾನೂ ಹೇಳ್ತಾರೆ. ಅದನ್ನ ನೀವು ಕೋರ್ಟಲ್ಲಿ ಹೇಳಿದ್ರೆ ಏನಾದ್ರೂ ಆಗಬಹುದು ಅಂತ ಲಾಯರ್ ಹೇಳಿದ್ದಾರೆ. ಗ್ಯಾರಂಟಿ ಇಲ್ಲ. ಆದ್ರೆ ನಮಗೆ ಇರೋದು ಅದೊಂದೇ" ಅಂದಳು.

"ಹೇಳ್ತೀನಿ. ಹೇಳದೆ ಇರ್ತೀನಾ? ನಂದೇ ತಪ್ಪು" ಅಂದೆ. ಆ ಮಾತು ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಆಪಾ ಎದ್ದು ನನ್ನ ಕೈ ಹಿಡಿದುಕೊಂಡು, "ನೀನು ಯಾಕೆ ಅಳ್ತೀಯ, ನಾವಿಬ್ರೂ ಸೇರಿ ಮಾಡಿದ ಎಡವಟ್ಟು" ಅಂದರು.

ಸಂಜೆ ನಮ್ಮ ಯಜಮಾನರು ಸಿಟಿಯ ಆಫೀಸಿನಿಂದ ಬಂದ ಮೇಲೆ ಎಲ್ಲ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಒಂದು ಶೂ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು. ನಮ್ಮವರು ಕೆಟ್ಟವರಲ್ಲ. ವೋಟು ನಾನು ಹೇಳಿದವರಿಗೇ ಹಾಕುತ್ತಾರೆ, ಶನಿವಾರ ಬೋರ್ಡಿಗೆ ಕಡ್ಡಿ ಅಂಟಿಸಿಕೊಡುವುದೂ ಅವರೇ. ಆದರೆ ಭಯದ ಮನುಷ್ಯ.

"ಬೋರ್ಡು ಹಿಡಿಯೋದು ಬೇರೆ ಕಣೇ, ಜಡ್ಜಿನ ಮುಂದೆ ಪ್ರಮಾಣ ಮಾಡಿ ನಾನೇ ಸುಳ್ಳು ಟಿಕ್ ಹಾಕಿದೆ ಅನ್ನೋದು ಬೇರೆ" ಅಂದರು. "ನೀನೇನು ಇಲ್ಲಿ ಹುಟ್ಟಿದವಳಾ? ಕೊಟ್ಟ ಸಿಟಿಜನ್‌ಶಿಪ್ಪೂ ವಾಪಸು ತಗೋತೀವಿ ಅಂತ ದಿನಾ ಟೀವೀಲಿ ಹೇಳ್ತಿದಾರೆ. ನಿನ್ನ ಫೈಲ್ ತೆಗೆದ್ರೆ ನನ್ನ ಫೈಲೂ ತೆಗೀತಾರೆ."

"ಹಾಗಂತ ಆಪಾನ ಕಳಿಸಿಬಿಡೋದಾ?"

"ನಾನು ಹಾಗಂದ್ನಾ? ಮೊದಲು ನಮ್ಮ ಲಾಯರ್ ಒಬ್ಬರನ್ನ ಕೇಳೋಣ."

ನಮ್ಮ ಜನವೇ ತುಂಬಿರುವ ಪಕ್ಕದ ಎಡಿಸನ್ನಿನಲ್ಲಾದರೆ ಯಾರಾದರೂ ನೋಡುತ್ತಾರೆ ಅಂತ ದೂರದ ಫ್ಲೋರಲ್ ಪಾರ್ಕಿಗೆ ಹೋದೆವು. ಎರಡು ಸೇತುವೆ, ಎರಡೂವರೆ ಗಂಟೆ ಟ್ರಾಫಿಕ್ಕು. ಕಳ್ಳರ ಹಾಗೆ ಹೋಗುತ್ತಿದ್ದೇವೆ ಅನ್ನಿಸಿತು. ಹಿಲ್‌ಸೈಡ್ ಅವೆನ್ಯೂವಿನ ಮಿಠಾಯಿ ಅಂಗಡಿಯ ಮೇಲೆ ಆ ಲಾಯರಮ್ಮನ ಆಫೀಸು. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು, ನೀವು ಬೇಕಂತ ಮಾಡಿಲ್ಲ, ನಿಮಗೆ ಏನೂ ಆಗದೆಯೇ ಇರಬಹುದು, ಆದರೆ ಈ ಕಾಲದಲ್ಲಿ ನಾನು ಯಾವುದಕ್ಕೂ ಮಾತು ಕೊಡಲಾರೆ. ಆಮೇಲೆ ದನಿ ತಗ್ಗಿಸಿ, ಅಷ್ಟು ವರ್ಷದ ಹಿಂದೆ ಯಾವ ಅರ್ಜಿಗೆ ಯಾರು ಟಿಕ್ ಹಾಕಿದರು ಅನ್ನುವುದು ನಿಜವಾಗಿಯೂ ನೆನಪಿಲ್ಲದಿದ್ದರೆ ನೆನಪಿಲ್ಲ ಅಂತ ಹೇಳುವುದರಲ್ಲಿ ಯಾವ ತಪ್ಪೂ ಇಲ್ಲ ಅಂದರು. "ನಿಜವಾಗಿಯೂ" ಅನ್ನುವ ಪದವನ್ನು ಒತ್ತಿ ಹೇಳಿದರು. ಅವರದು ಅವರ ಧರ್ಮ. ನಮ್ಮವರು ಮಾತ್ರ ಆ ಪದ ಬಿಟ್ಟು ಉಳಿದದ್ದೆಲ್ಲ ಕೇಳಿಸಿಕೊಂಡರು.

ಕೆಳಗೆ ಬಂದು ಕಾರಿನಲ್ಲಿ ಕೂತ ಮೇಲೆ, "ಆವತ್ತು ನಲವತ್ತು ಜನದ್ದು ತುಂಬಿಸಿದ್ಯಲ್ಲ. ನಿನಗೆ ಹೇಗೆ ನೆನಪಿರುತ್ತೆ?" ಅಂದರು.

"ನೆನಪಿದೆ ರೀ."

"ಇದೆ ಅಂತ ನೀನು ಅಂದ್ಕೊಂಡಿದೀಯ. ಅವರು ಹೇಳಿದ್ದು ಕೇಳಿ ಕೇಳಿ ಹಾಗನ್ನಿಸ್ತಿದೆ" ಅಂದರು, ಸಣ್ಣ ಮಗುವಿಗೆ ಹೇಳುವ ಹಾಗೆ.

ಅಲ್ಲಿಂದ ಕೋರ್ಟಿನ ದಿನದವರೆಗೆ ನಾನು ಬದುಕಿದ್ದು ಬದುಕಲ್ಲ. ಆಪಾರ ಲಾಯರಿಗೆ ಸಾಕ್ಷಿಯಾಗಿ ಬರುತ್ತೇನೆ ಅಂತ ಒಪ್ಪಿಕೊಂಡೆ, ನಾನೇ ಟಿಕ್ ಹಾಕಿದೆ ಅಂತ ಬಾಯಲ್ಲಿ ಹೇಳಿದೆ, ಅದನ್ನೇ ಬರೆದು ಸಹಿ ಮಾಡಿಕೊಡಿ ಅಂದಾಗ ಇವತ್ತು ನಾಳೆ ಅಂತ ದಿನ ತಳ್ಳಿದೆ. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಪುಟ ಬರೆದುಕೊಟ್ಟೆ: ಆ ದಿನ ಟೇಬಲ್ ಹಾಕಿದ್ದು ನಿಜ, ಇವರಿಗೆ ಅರ್ಜಿ ತುಂಬಲು ನೆರವಾಗಿದ್ದು ನಿಜ, ಇವರು ಒಳ್ಳೆಯವರು. ಚೌಕದ ಮಾತೇ ಇರಲಿಲ್ಲ. ಲಾಯರು ಓದಿ, ಉಳಿದದ್ದು ಜಡ್ಜಿನ ಮುಂದೆ ನೀವು ಬಾಯಲ್ಲೇ ಹೇಳಿ, ಅದೇ ಮುಖ್ಯ ಅಂದರು. ಹೂಂ ಅಂದೆ.

ಆ ವಾರಗಳಲ್ಲಿ ಶನಿವಾರ ಸಿಗ್ನಲ್ಲಿನಲ್ಲಿ ನಾನು ಕೂಗಿದಷ್ಟು ಜೋರಾಗಿ ಯಾವತ್ತೂ ಕೂಗಿಲ್ಲ. "ನಮ್ಮ ನೆರೆಯವರನ್ನು ಮುಟ್ಟಬೇಡಿ" ಅಂತ ಇಂಗ್ಲಿಷಿನಲ್ಲಿ ಬರೆದ ಬೋರ್ಡು ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದೆ. ಒಬ್ಬಳು ಮುದುಕಿ ನನ್ನನ್ನು ತಬ್ಬಿಕೊಂಡು ನಿನ್ನಂಥ ಧೈರ್ಯದವರು ಬೇಕು ಅಂದಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವ ನಮ್ಮಜ್ಜಿಯ ಮಾತನ್ನು ಅವಳಿಗೆ ಹೇಗೆ ಇಂಗ್ಲಿಷ್ ಮಾಡಿ ಹೇಳಲಿ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಪಾ ಮಾತ್ರ ವಾಕಿಗೆ ಬರುವುದನ್ನು ಬಿಡಲಿಲ್ಲ. ಕೇಸಿನ ವಿಷಯ ಎತ್ತುತ್ತಲೇ ಇರಲಿಲ್ಲ. ಒಂದೇ ಒಂದು ಸಲ, "ಕಳಿಸಿಬಿಟ್ರೆ ಮೈಸೂರಲ್ಲಿ ಒಂದು ರೂಮು ನೋಡ್ಕೋಬೇಕು. ತಮ್ಮನ ಮನೇಲಿ ಎಷ್ಟು ದಿನ ಅಂತ ಇರೋದು. ಚಿಕ್ಕದಕ್ಕೆ ಇನ್ನೂ ಒತ್ತಕ್ಷರ ಬರಲ್ಲ, ಅಷ್ಟು ಕಲಿಸಿಬಿಟ್ಟಿದ್ರೆ ಆಗ್ತಿತ್ತು" ಅಂದರು. ನಾನು ಬೇರೆ ಕಡೆ ನೋಡಿಕೊಂಡು ನಡೆದೆ.

ಕೋರ್ಟು ನ್ಯೂಅರ್ಕಿನಲ್ಲಿ. ಟ್ರೈನು ಸಿಟಿಗೆ ಕೆಲಸಕ್ಕೆ ಹೋಗುವ ಜನರಿಂದ ತುಂಬಿತ್ತು, ಎಲ್ಲರ ಕೊರಳಲ್ಲೂ ಆಫೀಸಿನ ಬ್ಯಾಡ್ಜು. ನಮ್ಮವರು ರಜ ಹಾಕಿ ನನ್ನ ಜೊತೆ ಬಂದಿದ್ದರು. ಇಳಿಯುವಾಗ "ನಮ್ಮ ಬಗ್ಗೆನೂ ಸ್ವಲ್ಪ ಯೋಚನೆ ಮಾಡು" ಅಂದರು. ನಾನು ಆಗಲೇ ತೀರ್ಮಾನ ಮಾಡಿದ್ದೆ. ನಿಜ ಹೇಳಿಬಿಡುತ್ತೇನೆ, ಆಗಿದ್ದಾಗಲಿ. ದೇವರಾಣೆಗೂ ಹಾಗೇ ಅಂದುಕೊಂಡು ಒಳಗೆ ಹೋದೆ.

ಸಿನಿಮಾದಲ್ಲಿ ತೋರಿಸುವಂಥ ಕೋರ್ಟಲ್ಲ ಅದು. ತಗ್ಗು ಚಾವಣಿಯ ಒಂದು ಸಣ್ಣ ಕೋಣೆ. ನನ್ನನ್ನು ಕರೆಯುವವರೆಗೂ ಹೊರಗೆ ಕೂರಿಸಿದ್ದರು. ಒಳಗೆ ಹೋದಾಗ ಆಪಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಕನ್ನಡಕ್ಕೆ ಇಂಟರ್‌ಪ್ರಿಟರ್ ಆ ಊರಿನಲ್ಲಿ ಸಿಕ್ಕಿರಲಿಲ್ಲ, ಎಲ್ಲಿಂದಲೋ ಫೋನಿನಲ್ಲಿ ಒಬ್ಬರು ಎಲ್ಲವನ್ನೂ ಕನ್ನಡಕ್ಕೆ ಹೇಳುತ್ತಿದ್ದರು. ಪ್ರಮಾಣ ಮಾಡಿಸಿದರು. ಆಪಾರ ಲಾಯರು ಟೇಬಲ್ ಹಾಕಿದ್ದು, ಅರ್ಜಿ ತುಂಬಿಸಿದ್ದು ಎಲ್ಲ ಕೇಳಿದರು, ಹೇಳಿದೆ. ಆಮೇಲೆ, ಸಿಟಿಜನ್ ಅನ್ನುವ ಪ್ರಶ್ನೆಯನ್ನು ಇವರಿಗೆ ಓದಿ ಹೇಳಿದಿರಾ ಅಂತ ಕೇಳಿದರು.

ಬಾಯಿ ತೆರೆದೆ. ಆಗ ಸರ್ಕಾರದ ಕಡೆಯ ಲಾಯರು ಕೈ ಎತ್ತಿ ಜಡ್ಜಿಗೆ ಏನೋ ಹೇಳಿದರು. ಜಡ್ಜು ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, ನಿಮ್ಮ ಉತ್ತರದಿಂದ ನಿಮಗೇ ಕಾನೂನಿನ ತೊಂದರೆ ಬರಬಹುದು ಅನ್ನಿಸಿದರೆ ನೀವು ಉತ್ತರ ಕೊಡದೆಯೂ ಇರಬಹುದು ಅಂದರು. ಅಷ್ಟೇ ಆಗಿದ್ದು. ಯಾರೂ ಗದರಿಸಲಿಲ್ಲ. ನನ್ನ ಪಾಸ್‌ಪೋರ್ಟು, ನಮ್ಮವರ ಮುಖ, ನಮ್ಮ ಮನೆ, ಎಲ್ಲ ಒಟ್ಟಿಗೆ ತಲೆಯಲ್ಲಿ ಬಂತು. ಎದುರಿಗೆ ಅರ್ಜಿಯ ಕಾಪಿ ಇಟ್ಟಿದ್ದರು. ಕೆಳಗೆ ಆ ದುಂಡನೆಯ ಕನ್ನಡದ ಸಹಿ, ಮೇಲೆ ನನ್ನ ರೈಟ್ ಮಾರ್ಕು. ನಾನು ರೈಟ್ ಮಾರ್ಕಿನ ಬಾಲವನ್ನು ಉದ್ದ ಎಳೆಯುತ್ತೇನೆ. ಅದು ಪಕ್ಕದ ಸಾಲಿನವರೆಗೂ ಹೋಗಿತ್ತು.

"ನೆನಪಿಲ್ಲ" ಅಂದೆ.

ಮತ್ತೆ ಕೇಳಿದರು. ಈ ಗುರುತು ಹಾಕಿದ್ದು ಯಾರು? "ಅವತ್ತು ಬಹಳ ಜನ ಇದ್ದರು. ನನಗೆ ನೆನಪಿಲ್ಲ" ಅಂದೆ. ಅರ್ಧ ನಿಮಿಷದ ನಂತರ ಆಪಾರ ಹೆಡ್‌ಫೋನಿನಲ್ಲಿ ನನ್ನ ಇಂಗ್ಲಿಷ್ ಮಾತು ಕನ್ನಡವಾಗಿದ್ದು ಅವರ ಮುಖ ನೋಡಿದರೆ ಗೊತ್ತಾಯಿತು. ಅವರು ನನ್ನ ಕಡೆ ತಿರುಗಿದರು. ನಾನು ಜಡ್ಜಿನ ಹಿಂದಿನ ಬಾವುಟ ನೋಡುತ್ತಾ ಕೂತೆ. ಆಪಾರ ಲಾಯರು ಪೆನ್ನು ಕೆಳಗಿಟ್ಟರು.

ತೀರ್ಮಾನ ಅದೇ ದಿನ ಬಂತು. ಸಾಕ್ಷಿ ನೆನಪಿಲ್ಲ ಅನ್ನುತ್ತಾರೆ, ಸಹಿ ಇವರದೇ, ವೋಟು ಹಾಕಿದ್ದೂ ಒಪ್ಪಿಕೊಂಡಿದ್ದಾರೆ. ಜಡ್ಜು ಕೆಟ್ಟವರಂತೆ ಕಾಣಲಿಲ್ಲ, ಇವರು ವಯಸ್ಸಾದ ಟೀಚರು ಅಂತ ಬೇಸರದಿಂದಲೇ ಹೇಳಿದರು. ತಾವಾಗಿಯೇ ದೇಶ ಬಿಟ್ಟು ಹೋಗಲು ಅರವತ್ತು ದಿನ ಕೊಟ್ಟರು.

ಹೊರಗೆ ಕಾರಿಡಾರಿನಲ್ಲಿ ಮಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ನನ್ನ ಹತ್ತಿರ ಬರಲಿಲ್ಲ, ಇನ್ನು ಬರುವುದೂ ಇಲ್ಲ. ನಮ್ಮವರು ಲಿಫ್ಟಿನ ಹತ್ತಿರ ಹೋಗಿ ಬಟನ್ ಒತ್ತಿ ನನಗಾಗಿ ಕಾಯುತ್ತಿದ್ದರು. ಆಪಾ ಬೆಂಚಿನ ಮೇಲೆ ಕೂತು ದುಪಟ್ಟಾ ಸರಿಮಾಡಿಕೊಂಡು, ನನ್ನನ್ನು ಕೈಸನ್ನೆ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿ ಅಂತ ಕಾದೆ. ಕೆನ್ನೆಗೆ ಹೊಡೆದಿದ್ದರೂ ಆಗುತ್ತಿತ್ತು.

"ನಿನಗೆ ನಿಜವಾಗ್ಲೂ ನೆನಪಿಲ್ವೇನಮ್ಮ?" ಅಂತ ಕೇಳಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದ್ದು. ಅಲ್ಲಿ ಜಡ್ಜು ಇರಲಿಲ್ಲ, ಲಾಯರು ಇರಲಿಲ್ಲ, ಪ್ರಮಾಣವೂ ಇರಲಿಲ್ಲ. ನಾವಿಬ್ಬರೇ ಇದ್ದೆವು.

"ಇಲ್ಲ ಆಪಾ" ಅಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಮೊಣಕಾಲ ಮೇಲೆ ಕೈಯಿಟ್ಟರು. "ಇರಲಿ ಬಿಡು. ನಿನಗೂ ವಯಸ್ಸಾಗ್ತಾ ಬಂತು. ದಿನಾ ಬೆಳಿಗ್ಗೆ ಎದ್ದ ತಕ್ಷಣ ನಾಲ್ಕು ಬಾದಾಮಿ ತಿನ್ನು" ಅಂದರು.